ಸಮಾಲೋಚಕರಿಗೆ ಕಿವಿ ಮಾತ್ರ ಸಾಕೇ, ಬಾಯಿಯೂ ಬೇಕೇ? ಕುಂಬಳೆ, ಬದಿಯಡ್ಕ, ಮಂಜೇಶ್ವರ ಕಡೆಯವರು ಹೇಳಿ

ಟೀಚರ್ ಅಲ್ಲದ ಟೀಚರ್ | ಭಾನುವಾರ ರಾತ್ರಿ 9.10

ನಾನು ಕಾಸರಗೋಡು ಜಿಲ್ಲೆಯ ಶಾಲೆಗಳಲ್ಲಿ ಆಪ್ತಸಮಾಲೋಚಕಿ. ಪಾಠ ಮಾಡುವುದಿಲ್ಲ, ಆದರೂ ಮಕ್ಕಳು ಟೀಚರ್ ಎಂದೇ ಕರೆಯುತ್ತಾರೆ. ಕೆಲವು ವಾರಗಳ ಹಿಂದೆ ಒಬ್ಬ ಹುಡುಗನನ್ನು ಹೊಟ್ಟೆನೋವು ಎಂದು ನನ್ನ ಕೋಣೆಗೆ ಕಳುಹಿಸಿದರು. ಮತ್ತೆ ಮತ್ತೆ ಬಂದ. ಶಾಲೆಗೆ ಹೆದರುವ ಮಕ್ಕಳಿಗೆ ಬೆಳಿಗ್ಗೆ ಹೊಟ್ಟೆ ನೋಯುತ್ತದೆ. ಇವನಿಗೆ ಕೊನೆಯ ಗಂಟೆಗೆ ಮುಂಚೆ ನೋಯುತ್ತಿತ್ತು. ಹೆದರಿಕೆ ಇದ್ದದ್ದು ಮನೆಗೆ ಹೋಗುವ ದಾರಿಯಲ್ಲಿ.

(ಇಲ್ಲಿ ಐದು ಸಾಲುಗಳಿದ್ದವು. ಕೆಳಗೆ ಪಯಸ್ವಿನಿಯವರ ಆಕ್ಷೇಪ ಓದಿದ ಮೇಲೆ ತೆಗೆದಿದ್ದೇನೆ.)

ಮನೆಯವರು ದುಡಿಯಲು ದೂರದಿಂದ ಬಂದವರು. ಅವರ ಕ್ವಾರ್ಟರ್ಸಿನ ಬಾಗಿಲಿಗೆ ಯಾರೋ ಚೀಟಿ ಅಂಟಿಸಿದ್ದರು. 'ನಿಮ್ಮ ದೇಶಕ್ಕೆ ಹೋಗಿ, ಇಲ್ಲದಿದ್ದರೆ ಹೋಗುವ ಹಾಗೆ ಮಾಡುತ್ತೇವೆ' ಎಂಬುದು ಅದರ ಸಾರ. ಅವರ ದೇಶ ಯಾವುದೆಂದರೆ ಭಾರತ. ಪೊಲೀಸರಿಗೆ, ಮಕ್ಕಳ ಸಹಾಯವಾಣಿ 1098ಕ್ಕೆ ಹೇಳಬೇಕಾದದ್ದನ್ನು ಹೇಳಿಯಾಗಿದೆ. ಅದನ್ನು ದಯವಿಟ್ಟು ಕೇಳಬೇಡಿ.

ನನ್ನ ಪ್ರಶ್ನೆ ಬೇರೆ. ನಾವು ಏಳು ಜನ ಸಮಾಲೋಚಕರು ಕುಳಿತು ಮಾತನಾಡಿದೆವು. ಇಂಥ ಬೆದರಿಕೆಯೂ ಹಿಂಸೆಯೇ, ಅದು ಮಕ್ಕಳ ಮೈಗೆ ಇಳಿಯುತ್ತದೆ ಎಂದು ನಮ್ಮ ಹೆಸರು ಹಾಕಿ ಒಂದು ಹೇಳಿಕೆ ಕೊಡೋಣ, ರಕ್ಷಕ-ಶಿಕ್ಷಕ ಸಭೆಗಳಲ್ಲಿ ಓದೋಣ ಎಂದೆ. ಇಬ್ಬರು ಒಪ್ಪಿದರು. ಉಳಿದ ನಾಲ್ವರು, 'ನಮ್ಮ ಕೆಲಸ ಕೇಳಿಸಿಕೊಳ್ಳುವುದು, ಊರಿಗೆ ಬುದ್ಧಿ ಹೇಳುವುದಲ್ಲ' ಎಂದರು. ಅವರು ಹೇಡಿಗಳೇನೂ ಅಲ್ಲ, ಕೆಲಸ ಬಲ್ಲವರು. ಅದಕ್ಕೇ ನನಗೆ ನಿದ್ದೆ ಬರುತ್ತಿಲ್ಲ.

ನೀರ್ಚಾಲಿನ ಅಡಿಕೆಗಾರ | ಭಾನುವಾರ ರಾತ್ರಿ 9.48

ನಿಮ್ಮ ನಾಲ್ವರು ಸಹೋದ್ಯೋಗಿಗಳು ಸರಿಯಾಗಿಯೇ ಹೇಳಿದ್ದಾರೆ. ನನ್ನ ಅಂಗಳದಲ್ಲಿ ಅಡಿಕೆ ಸುಲಿಯುವವರು ಹೀಗೆ ದೂರದಿಂದ ದುಡಿಯಲು ಬಂದವರೇ, ತೋಟಕ್ಕೆ ಮದ್ದು ಹೊಡೆಯುವವರೂ ಅವರೇ. ಅವರು ನಾಳೆ ರೈಲು ಹತ್ತಿದರೆ ನಾನು ತೋಟ ಮಾರಬೇಕು. ಇಲ್ಲಿ ದ್ವೇಷ ಎಲ್ಲಿದೆ? ಯಾರೋ ಇಬ್ಬರು ಕುಡುಕರು ಚೀಟಿ ಅಂಟಿಸಿದರೆಂದು ಇಡೀ ಊರಿಗೆ ಜನಾಂಗದ್ವೇಷದ ಪಟ್ಟ ಕಟ್ಟಬೇಡಿ. ಅಮೆರಿಕದ ರೋಗಕ್ಕೆ ಕಾಸರಗೋಡಿನಲ್ಲಿ ಮದ್ದು ಅರೆದ ಹಾಗಾಯಿತು.

ಇನ್ನೊಂದು ಮಾತು. 2023ರ ಜುಲೈಯಲ್ಲಿ ಆಲುವಾದಲ್ಲಿ ಐದು ವರ್ಷದ ಮಗುವನ್ನು ಕೊಂದವನು ಎಲ್ಲಿಂದ ಬಂದವನು? ಜನ ಹೆದರಿದರೆ ಅದಕ್ಕೂ ಕಾರಣವಿದೆ.

ಕಲ್ಲುಕೋರೆ ಲೆಕ್ಕದವನು | ಭಾನುವಾರ ರಾತ್ರಿ 10.20

ಅಡಿಕೆಗಾರರೇ, ಆಲುವಾದ ಆ ಮಗುವೂ ದುಡಿಯಲು ಬಂದ ಬಿಹಾರಿ ದಂಪತಿಯ ಮಗಳೇ. ಕೊಂದವನಿಗೆ ಅದೇ ವರ್ಷ ನವೆಂಬರ್ 14ರಂದು ಮರಣದಂಡನೆ ವಿಧಿಸಿದರು. ಅವನು ಬಿಹಾರಿ ಎಂಬುದು ನಿಮಗೆ ನೆನಪಿದೆ, ಮಗುವೂ ಬಿಹಾರಿ ಎಂಬುದು ಮರೆತುಹೋಗಿದೆ.

ನಾನು ಕೆಂಪುಕಲ್ಲಿನ ಕೋರೆಯಲ್ಲಿ ಲೆಕ್ಕ ಬರೆಯುವವನು. ಕೆಲಸಕ್ಕೆ ಸೇರಿದ ದಿನ ಹಿಂದಿನವರು ಬರೆದಿಟ್ಟ ಹಾಜರಿ ಪುಸ್ತಕ ತೆರೆದೆ. ಹೆಸರಿನ ಅಂಕಣದಲ್ಲಿ 'ಬಂಗಾಳಿ 1, ಬಂಗಾಳಿ 2, ಬಂಗಾಳಿ 3' ಎಂದು ಹದಿನಾಲ್ಕರವರೆಗೆ ಇತ್ತು. ಒಬ್ಬೊಬ್ಬರನ್ನಾಗಿ ಕೇಳಿದೆ. ಒಡಿಶಾ, ಜಾರ್ಖಂಡ್, ಅಸ್ಸಾಂ. ಬಂಗಾಳದವನು ಒಬ್ಬನೇ, ಮುರ್ಷಿದಾಬಾದಿನವನು. ಅವನ ಸಂಖ್ಯೆ 9. ಹೆಸರು ಬರೆಯತೊಡಗಿದಾಗ ಸಾಹುಕಾರರು ನಕ್ಕರು. ದ್ವೇಷದಿಂದಲ್ಲ, ಬರಿಯ ನಗು. ಆದರೆ ಅದಕ್ಕೂ ಮುಂಚೆ ಕಲ್ಲು ಜಾರಿ 'ಬಂಗಾಳಿ 6' ಬಿದ್ದ ದಿನ ಆಸ್ಪತ್ರೆಯಲ್ಲಿ ಹೆಸರು ಕೇಳಿದರೆ ಹೇಳಲು ಕೋರೆಯಲ್ಲಿ ಯಾರಿಗೂ ಗೊತ್ತಿರಲಿಲ್ಲವಂತೆ.

ನಿವೃತ್ತ ಕನ್ನಡ ಮಾಸ್ತರ | ಸೋಮವಾರ ಬೆಳಿಗ್ಗೆ 6.05

ಬಂಗಾಳಿ ಎಂಬುದು ಈಗಿನ ಮಾತು. ನಾನು ಚಿಕ್ಕವನಿದ್ದಾಗ 'ಘಟ್ಟದವರು' ಎನ್ನುತ್ತಿದ್ದೆವು. ಆಮೇಲೆ ರಸ್ತೆ ಕೆಲಸಕ್ಕೆ, ಮನೆ ಕಟ್ಟುವುದಕ್ಕೆ ಉತ್ತರ ಕರ್ನಾಟಕದವರು ಬಂದರು. ಗದಗದವರಿರಲಿ ಕೊಪ್ಪಳದವರಿರಲಿ, ಮಂಗಳೂರಿನಿಂದ ಇಲ್ಲಿಯವರೆಗೆ ಎಲ್ಲರೂ 'ಬಿಜಾಪುರದವರು'. ಅವರೂ ಕನ್ನಡಿಗರೇ, ನಮ್ಮ ಭಾಷೆಯವರೇ. ಆದರೂ ಕಳವಾದರೆ ಮೊದಲು ಅವರ ಜೋಪಡಿಯನ್ನೇ ಹುಡುಕುತ್ತಿದ್ದರು. ಭಾಷೆ ಒಂದಾದರೆ ದ್ವೇಷ ಬರುವುದಿಲ್ಲ ಎಂದು ನಂಬಿದವರಿಗೆ ಈ ಮಾತು.

ಇನ್ನು 2020ರ ಮಾರ್ಚ್ ಕೊನೆಯ ವಾರ. ಮರೆತಿರಾ? ಕೊರೋನಾ ಎಂದು ಕರ್ನಾಟಕ ಗಡಿಯ ರಸ್ತೆಗಳಿಗೆ ಮಣ್ಣು ಸುರಿಯಿತು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮವರ ಆಂಬುಲೆನ್ಸುಗಳು ತಲಪಾಡಿಯಲ್ಲಿ ನಿಂತವು, ಚಿಕಿತ್ಸೆ ಸಿಗದೆ ಜನ ಸತ್ತರು. ಕೇರಳ ಹೈಕೋರ್ಟು ಏಪ್ರಿಲ್ 1ರಂದು ತಡೆ ತೆಗೆಯುವಂತೆ ಹೇಳಿತು, ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ ಏಪ್ರಿಲ್ 7ಕ್ಕೆ ಒಪ್ಪಂದವಾಯಿತು. ಆ ದಿನಗಳಲ್ಲಿ ಮಂಗಳೂರಿನಲ್ಲಿದ್ದ ನನ್ನ ಸೋದರಳಿಯನಿಗೆ ಬಾಡಿಗೆ ಮನೆಯವರು, 'ನೀವು ಕಾಸರಗೋಡಿನವರಲ್ಲವೇ' ಎಂದು ಬಾಗಿಲ ಸಂದಿಯಿಂದಲೇ ಕೇಳಿದರು. ಅಡಿಕೆಗಾರರೇ, ಆಗ 'ಕಾಸರಗೋಡಿನವರು' ಎಂಬುದು ಊರಿನ ಹೆಸರಾಗಿತ್ತೇ, ರೋಗದ ಹೆಸರಾಗಿತ್ತೇ?

ಪಯಸ್ವಿನಿ | ಸೋಮವಾರ ಬೆಳಿಗ್ಗೆ 7.30

ಚರ್ಚೆ ಮುಂದುವರಿಯುವ ಮೊದಲು ಟೀಚರಿಗೆ ಒಂದು ಮಾತು. ನೀವು ಹುಡುಗನ ಹೆಸರು ಬರೆದಿಲ್ಲ, ಸರಿ. ಆದರೆ ಯಾವ ರಾಜ್ಯದವನು, ಎಷ್ಟನೆಯ ತರಗತಿ, ಕನ್ನಡ ಮಾಧ್ಯಮ, ಅಪ್ಪನ ಕೆಲಸ ಏನು, ಕ್ವಾರ್ಟರ್ಸು ಯಾವ ಅಂಗಡಿಯ ಹಿಂದೆ, ಇಷ್ಟನ್ನೂ ಬರೆದಿದ್ದೀರಿ. ನಮ್ಮ ಪಂಚಾಯತಿನಲ್ಲಿ ಈ ಐದೂ ಹೊಂದುವ ಹುಡುಗ ಒಬ್ಬನೇ ಇರುವುದು. ನಾನು ಅರ್ಧ ನಿಮಿಷದಲ್ಲಿ ಗುರುತಿಸಿದೆ. ಚೀಟಿ ಅಂಟಿಸಿದವನಿಗೆ ಅಷ್ಟೂ ಬೇಡ.

ಬಾಲನ್ಯಾಯ ಕಾಯ್ದೆ, 2015ರ 74ನೆಯ ಸೆಕ್ಷನ್ ಓದಿ. ಅಪರಾಧಕ್ಕೆ ಬಲಿಯಾದ ಮಗುವಿನ ಗುರುತು ಸಿಗುವಂಥ ಯಾವ ವಿವರವನ್ನೂ ಪ್ರಕಟಿಸಬಾರದು. ಆ ಹುಡುಗ ನಿಮ್ಮ ಕೋಣೆಗೆ ಬಂದದ್ದು ಬಾಗಿಲು ಹಾಕಿಕೊಳ್ಳುತ್ತದೆ ಎಂಬ ನಂಬಿಕೆಯಿಂದ. ನೀವು ಕಿಟಕಿ ತೆರೆದಿಟ್ಟಿರಿ.

ಟೀಚರ್ ಅಲ್ಲದ ಟೀಚರ್ | ಸೋಮವಾರ ಬೆಳಿಗ್ಗೆ 8.02

ಬಸ್ಸಿನಲ್ಲಿದ್ದೇನೆ. ಓದಿ ಕೈ ನಡುಗಿತು. ತೆಗೆದಿದ್ದೇನೆ. ರಾತ್ರಿಯಿಂದ ಬೆಳಿಗ್ಗೆಯವರೆಗೆ ಓದಿದವರು ದಯವಿಟ್ಟು ಮರೆತುಬಿಡಿ, ಯಾರಿಗೂ ಕಳುಹಿಸಬೇಡಿ. ಕೋಪದಲ್ಲಿ ಬರೆದೆ ಎನ್ನುವುದು ನೆಪವಾಗುವುದಿಲ್ಲ. ಇವತ್ತೇ ಆ ಮನೆಯವರಿಗೆ ಹೇಳುತ್ತೇನೆ.

ನನ್ನ ನಾಲ್ವರು ಸಹೋದ್ಯೋಗಿಗಳ ಭಯ ಏನೆಂದು ಈಗ ಅರ್ಥವಾಯಿತು.

ಕೋರ್ಟ್ ರಸ್ತೆ | ಸೋಮವಾರ ಮಧ್ಯಾಹ್ನ 1.40

ಊಟದ ವಿರಾಮದಲ್ಲಿ ಬರೆಯುತ್ತಿದ್ದೇನೆ.

ಹೆಸರು ಹಾಕದೆ ಬೆದರಿಸುವುದು ಚಿಲ್ಲರೆ ತಪ್ಪಲ್ಲ. ಭಾರತೀಯ ನ್ಯಾಯ ಸಂಹಿತೆಯ 351ನೆಯ ಸೆಕ್ಷನ್ ಬೆದರಿಕೆಯನ್ನು ಶಿಕ್ಷಿಸುತ್ತದೆ, ಬೆದರಿಸಿದವನು ಗುರುತು ಮುಚ್ಚಿಟ್ಟಿದ್ದರೆ ಅದಕ್ಕೆ ಇನ್ನೂ ಎರಡು ವರ್ಷದವರೆಗೆ ಸೇರಿಸುತ್ತದೆ. ಹುಟ್ಟಿದ ಊರು, ವಾಸ, ಭಾಷೆ, ಜನಾಂಗ, ಧರ್ಮಗಳ ಹೆಸರಿನಲ್ಲಿ ವೈರ ಹಬ್ಬಿಸುವುದು 196. ಐದು ಅಥವಾ ಹೆಚ್ಚು ಜನ ಸೇರಿ ಇಂಥ ಕಾರಣಕ್ಕೆ ಕೊಂದರೆ 103(2), ಮರಣದಂಡನೆಯವರೆಗೆ. ಹಳೆಯ ದಂಡಸಂಹಿತೆಯಲ್ಲಿ ಗುಂಪು ಹತ್ಯೆಗೆ ಹೀಗೆ ಪ್ರತ್ಯೇಕ ಉಪವಿಧಿ ಇರಲಿಲ್ಲ, 2024ರ ಜುಲೈ 1ರಿಂದ ಬಂತು. ಆ ಪಟ್ಟಿಯಲ್ಲಿ ಜನ್ಮಸ್ಥಳವೂ ಇದೆ, ಭಾಷೆಯೂ ಇದೆ. ಧರ್ಮ ಎಂಬ ಪದವನ್ನು ಮಾತ್ರ ಹೆಸರಿಸಿಲ್ಲ, 'ವೈಯಕ್ತಿಕ ನಂಬಿಕೆ' ಎಂದು ಬಿಟ್ಟಿದ್ದಾರೆ. ಏಕೆಂದು ಕೇಳಬೇಡಿ, ನಾನು ವಕೀಲ, ಜ್ಯೋತಿಷಿಯಲ್ಲ.

ಗುಂಪು ಹತ್ಯೆ ತಡೆಯಲು ಪ್ರತಿ ಜಿಲ್ಲೆಯಲ್ಲೂ ಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ನೋಡಲ್ ಅಧಿಕಾರಿ ಇರಬೇಕೆಂದು ಸುಪ್ರೀಂ ಕೋರ್ಟು 2018ರ ಜುಲೈ 17ರಂದೇ ಹೇಳಿದೆ. ನಿಮ್ಮ ಹೇಳಿಕೆಯ ಒಂದು ಪ್ರತಿ ಅಲ್ಲಿಗೂ ಹೋಗಲಿ.

ಗುಟ್ಟಿನ ವಿಚಾರ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ 23ನೆಯ ಸೆಕ್ಷನ್ ಗೋಪ್ಯತೆಯನ್ನು ಹಕ್ಕು ಮಾಡಿದೆ. ಬೇರೊಬ್ಬರಿಗೆ ಹಾನಿಯಾಗದಂತೆ ತಡೆಯಲು ಎಷ್ಟು ಬೇಕೋ ಅಷ್ಟನ್ನು ಮಾತ್ರ ಹೊರಗೆ ಹೇಳಲು ಬಿಟ್ಟಿದೆ. ಶಾಲಾ ಸಮಾಲೋಚಕರೆಲ್ಲರೂ ಆ ಕಾಯ್ದೆಯ ವ್ಯಾಖ್ಯೆಯೊಳಗೆ ಬರುವುದಿಲ್ಲ, ಆದರೂ ಅಳತೆಗೋಲು ಒಳ್ಳೆಯದು. ಹುಡುಗ ಹೇಳಿದ್ದು ಹುಡುಗನ ಸೊತ್ತು. ಚೀಟಿ ಬರೆದವನು ಮಾಡಿದ್ದು ಊರಿನ ವಿಷಯ. ಎರಡನೆಯದರ ಬಗ್ಗೆ ಮೈಕು ಹಿಡಿದು ಮಾತನಾಡಲು ಮೊದಲನೆಯದರ ಒಂದಕ್ಷರವೂ ಬೇಕಾಗಿಲ್ಲ.

ಪೆರ್ಲದಿಂದ ನ್ಯೂಜೆರ್ಸಿಗೆ | ಸೋಮವಾರ ರಾತ್ರಿ 8.15

ಅಮೆರಿಕದ ರೋಗ ಎಂದದ್ದರಿಂದ ಬರೆಯುತ್ತಿದ್ದೇನೆ. ರೋಗ ಇಲ್ಲಿ ಇರುವುದು ನಿಜ. 2024ರ ನವೆಂಬರಿನಲ್ಲಿ, ಚುನಾವಣೆ ಮುಗಿದ ಬೆನ್ನಿಗೇ, ಹಲವು ರಾಜ್ಯಗಳ ಕಪ್ಪು ವಿದ್ಯಾರ್ಥಿಗಳ ಮೊಬೈಲಿಗೆ, ಹತ್ತಿ ಬಿಡಿಸಲು ನಿಮ್ಮನ್ನು ಆರಿಸಲಾಗಿದೆ ಎಂಬ ಸಂದೇಶಗಳು ಬಂದವು. ಗುಲಾಮಗಿರಿಯ ನೆನಪನ್ನು ಮೊಬೈಲಿಗೆ ಕಳುಹಿಸಿದ ಹಾಗೆ. ಎಫ್‌ಬಿಐ ತನಿಖೆಗೆ ಇಳಿಯಿತು. ಅದಕ್ಕೂ ಮೊದಲು, 2022ರ ಜನವರಿ, ಫೆಬ್ರವರಿಯಲ್ಲಿ, ಕಪ್ಪು ಜನರಿಗಾಗಿಯೇ ಹುಟ್ಟಿದ ಕಾಲೇಜುಗಳಿಗೆ ಸಾಲು ಸಾಲಾಗಿ ಬಾಂಬ್ ಬೆದರಿಕೆ ಬಂದಿತ್ತು.

ಇಲ್ಲಿನ ಸಮಾಲೋಚಕರ ರಾಷ್ಟ್ರೀಯ ಸಂಘ ಇಂಥದ್ದಕ್ಕೆ ಬಹಿರಂಗವಾಗಿಯೇ ಮಾತನಾಡುತ್ತದೆ. ಅವರ 2014ರ ನೀತಿಸಂಹಿತೆಯಲ್ಲಿ, ಬಂದವರ ಬೆಳವಣಿಗೆಗೆ ಅಡ್ಡ ಬರುವ ತೊಡಕುಗಳ ವಿರುದ್ಧ ದನಿ ಎತ್ತುವುದೂ ಕೆಲಸದ ಭಾಗ ಎಂದೇ ಇದೆ. ಗುಟ್ಟಿಗೂ ಮಿತಿಯುಂಟು. ರೋಗಿಯಿಂದ ಇನ್ನೊಬ್ಬರಿಗೆ ಗಂಭೀರ ಅಪಾಯವಿದೆಯೆಂದು ತಿಳಿದರೆ ಆ ಇನ್ನೊಬ್ಬರನ್ನು ಕಾಪಾಡಲು ಕ್ರಮ ಕೈಗೊಳ್ಳುವ ಹೊಣೆ ಚಿಕಿತ್ಸಕರದು ಎಂದು ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯ 1976ರಲ್ಲೇ ಹೇಳಿತು.

ಆದರೆ ಒಂದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ನನ್ನ ಮಗಳ ಕೋಣೆಯ ಗೆಳತಿಗೆ ಆ ಹತ್ತಿಯ ಸಂದೇಶ ಬಂದಿತ್ತು. ಕಾಲೇಜಿನಿಂದ ಚಂದದ ಹೇಳಿಕೆಯೂ ಬಂತು, ಅವಳು ಅದನ್ನು ತೆರೆಯಲೂ ಇಲ್ಲ. ಸಮಾಲೋಚಕಿಯೊಬ್ಬರು ರಾತ್ರಿ ಅವಳ ಹೆಸರು ಹಿಡಿದು ಫೋನ್ ಮಾಡಿ, 'ಊಟ ಮಾಡಿದೆಯಾ' ಎಂದು ಕೇಳಿದಾಗ ಅತ್ತಳಂತೆ.

ನೀರ್ಚಾಲಿನ ಅಡಿಕೆಗಾರ | ಸೋಮವಾರ ರಾತ್ರಿ 8.50

ಅದೇ ನಾನು ಹೇಳುತ್ತಿರುವುದು. ಊಟ ಮಾಡಿದೆಯಾ ಎಂದು ಕೇಳಿ. ಹೇಳಿಕೆ ಯಾಕೆ?

ಹೆಸರು ಬೇಡ | ಸೋಮವಾರ ರಾತ್ರಿ 11.35

ನಾನು ಆ ನಾಲ್ವರಲ್ಲಿ ಒಬ್ಬಳು. ಟೀಚರ್ ನನ್ನನ್ನು ಗುರುತಿಸುತ್ತಾರೆ, ಪರವಾಗಿಲ್ಲ.

ನಮ್ಮದು ಗುತ್ತಿಗೆ ಕೆಲಸ. ಸಂಬಳ ಯಾವ ತಿಂಗಳು ಯಾವ ತಾರೀಕಿಗೆ ಬರುತ್ತದೆಂದು ಹೇಳಲಾಗುವುದಿಲ್ಲ. ನಾಳೆ ಒಂದು ಪಕ್ಷದವರು 'ಇವಳು ನಮ್ಮ ವಿರುದ್ಧ ಸಹಿ ಹಾಕಿದಳು' ಎಂದು ಮೇಲಿನವರಿಗೆ ಬರೆದರೆ ನನ್ನ ಪರವಾಗಿ ನಿಲ್ಲುವವರು ಯಾರು? ಅದು ಒಂದು ಭಯ. ಇನ್ನೊಂದು ಇದಕ್ಕಿಂತ ದೊಡ್ಡದು. ಚೀಟಿ ಅಂಟಿಸಿದವನ ತಮ್ಮನೋ ಮಗನೋ ನನ್ನ ಶಾಲೆಯಲ್ಲೇ ಇರಬಹುದು. ಅವನೂ ಒಂದು ದಿನ ನನ್ನ ಬಾಗಿಲಿಗೆ ಬರಬೇಕಾದವನು. ಮನೆಯಲ್ಲಿ ಏನು ಕೇಳಿಸಿಕೊಂಡು ಬೆಳೆಯುತ್ತಿದ್ದಾನೋ ಅದನ್ನು ಹೊರಗೆ ಹಾಕಲು ಅವನಿಗೆ ಬೇರೆ ಜಾಗವಿಲ್ಲ. ಗೋಡೆಯ ಮೇಲೆ ನನ್ನ ಹೆಸರಿನ ಹೇಳಿಕೆ ನೋಡಿದರೆ ಬರುತ್ತಾನೆಯೇ?

ಟೀಚರ್ ಅಲ್ಲದ ಟೀಚರ್ | ಮಂಗಳವಾರ ಬೆಳಿಗ್ಗೆ 5.50

ಎರಡನೆಯ ಭಯಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಅರ್ಧ ಇದೆ. ಹೇಳಿಕೆಯಲ್ಲಿ ಯಾರನ್ನೂ ಬೈಯದೆ, 'ಇಂಥ ಮಾತನ್ನು ಮನೆಯಲ್ಲೇ ಕೇಳುತ್ತಿರುವ ಮಗುವೂ ಬಂದು ಮಾತನಾಡಬಹುದು' ಎಂಬ ಸಾಲು ಹಾಕೋಣ. ಆ ಸಾಲನ್ನು ನೀನೇ ಬರೆ. ನನಗಿಂತ ಚೆನ್ನಾಗಿ ಬರೆಯುತ್ತೀ. ಸಹಿ ಹಾಕಲೇಬೇಕೆಂದಿಲ್ಲ.

ಅಡಿಕೆಗಾರಣ್ಣ, ಊಟ ಮಾಡಿದೆಯಾ ಎಂದು ಒಬ್ಬ ಹುಡುಗನನ್ನು ಕೇಳಬಹುದು. ನನ್ನ ಕೋಣೆಗೆ ಬಾರದ ಮಕ್ಕಳನ್ನು ಹೇಗೆ ಕೇಳಲಿ? ಬೆದರಿಕೆ ಬಹಿರಂಗ, ಬಾಗಿಲ ಮೇಲೆ. ನಮ್ಮ ಸಮಾಧಾನ ಮಾತ್ರ ಪಿಸುಮಾತಿನಲ್ಲಿ. ಮಕ್ಕಳು ಲೆಕ್ಕ ಹಾಕುತ್ತಾರೆ, ಊರು ಯಾರ ಕಡೆ ಎಂದು.

ಸೊಲ್ಲಾಪುರದ ಸೊಸೆ | ಮಂಗಳವಾರ ಮಧ್ಯಾಹ್ನ 3.10

ನಾನು ಗಡಿಯ ಇನ್ನೊಂದು ತುದಿಯವಳು. ಬಸವಣ್ಣನವರು ಕರಣಿಕರಾಗಿದ್ದ ಮಂಗಳವೇಢೆ ನಮ್ಮ ಜಿಲ್ಲೆಯಲ್ಲೇ ಇದೆ. ಅಲೆಮಾರಿ ದವರಿ ಗೋಸಾವಿ ಸಮುದಾಯದ ಐವರನ್ನು, ಅವರಲ್ಲಿ ಹೆಚ್ಚಿನವರು ಆ ತಾಲೂಕಿನವರು, 2018ರ ಜುಲೈ 1ರಂದು ಧುಳೆ ಜಿಲ್ಲೆಯ ರೈನ್‌ಪಾಡಾದಲ್ಲಿ ಮಕ್ಕಳ ಕಳ್ಳರೆಂದು ಹೊಡೆದು ಕೊಂದರು. ಭಿಕ್ಷೆ ಬೇಡಲು ಹೋದವರು. ಪಂಚಾಯತಿ ಕಚೇರಿಯ ಕೋಣೆಯೊಳಗೆ ಎಳೆದುಕೊಂಡು ಹೋಗಿ ಹೊಡೆದರು. ಆ ತಿಂಗಳೇ ವಾಟ್ಸಾಪ್ ನಮ್ಮ ದೇಶದಲ್ಲಿ ಒಂದು ಸಲಕ್ಕೆ ಐದು ಕಡೆ ಮಾತ್ರ ಸಂದೇಶ ಮುಂದೂಡಬಹುದೆಂಬ ಮಿತಿ ಹಾಕಿತು.

ಆ ಬೇಸಿಗೆಯಲ್ಲಿ ಮಕ್ಕಳ ಕಳ್ಳರ ಆಡಿಯೊ ನನಗೂ ಬಂದಿತ್ತು. ತವರಿನ ಗುಂಪಿಗೆ, ಅತ್ತೆಮನೆಯ ಗುಂಪಿಗೆ, ಮಗಳ ಶಾಲೆಯ ತಾಯಂದಿರ ಗುಂಪಿಗೆ ಕಳುಹಿಸಿದ್ದೆ. ಒಳ್ಳೆಯದಕ್ಕೇ ಎಂದುಕೊಂಡಿದ್ದೆ. ಆ ಮೂರು ಗುಂಪುಗಳಲ್ಲಿ ಯಾರಾದರೂ ಒಬ್ಬರು, ಶಾಲೆಯ ಸಮಾಲೋಚಕರೋ ನರ್ಸೋ, 'ಇದು ಸುಳ್ಳು, ಇದರಿಂದ ಜನ ಸಾಯುತ್ತಾರೆ' ಎಂದಿದ್ದರೆ ನಿಲ್ಲಿಸುತ್ತಿದ್ದೆ. ಯಾರೂ ಹೇಳಲಿಲ್ಲ. ಹೇಳಬೇಕಾದವರು, ಅದು ನಮ್ಮ ಕೆಲಸವಲ್ಲ ಎಂದುಕೊಂಡಿರಬೇಕು.

ಬುಟ್ಟಿ ಹೆಣೆಯುವವರ ಮಗಳು | ಮಂಗಳವಾರ ಸಂಜೆ 6.25

ಎಲ್ಲರೂ ಹೊರಗಿನಿಂದ ಬಂದವರ ಬಗ್ಗೆ ಬರೆಯುತ್ತಿದ್ದೀರಿ. ನಾವು ಕೊರಗರು, ಎಲ್ಲಿಂದಲೂ ಬಂದವರಲ್ಲ. ಅವರಿಗೆ ಊರಿಗೆ ಹೋಗಿ ಎನ್ನುತ್ತೀರಿ, ನಮಗೆ ಹೋಗಲು ಬೇರೆ ಊರೂ ಇಲ್ಲ. ಕಪ್ಪಗಿರುವ ಯಾವ ಹುಡುಗನನ್ನಾದರೂ ಗೇಲಿ ಮಾಡಬೇಕಾದರೆ ತರಗತಿಯಲ್ಲಿ ನಮ್ಮ ಜಾತಿಯ ಹೆಸರೇ ಬೈಗುಳ. ನಮ್ಮನ್ನು ಹೀನಾಯವಾಗಿ ನಡೆಸಿಕೊಳ್ಳುವ ಅಜಲು ಪದ್ಧತಿಯನ್ನು ಕರ್ನಾಟಕ 2000ದಲ್ಲಿ ಕಾಯ್ದೆ ಮಾಡಿ ನಿಷೇಧಿಸಬೇಕಾಯಿತು. ಅಟ್ಟಪ್ಪಾಡಿಯ ಆದಿವಾಸಿ ಯುವಕ ಮಧುವನ್ನು 2018ರ ಫೆಬ್ರವರಿಯಲ್ಲಿ ಹಿಡಿದದ್ದು ಅವನದೇ ಕಾಡಿನಲ್ಲಿ, ಆಹಾರ ಕದ್ದನೆಂದು ಕಟ್ಟಿಹಾಕಿ ಹೊಡೆದು ಕೊಂದರು. ಹದಿಮೂರು ಮಂದಿಗೆ ಏಳು ವರ್ಷ ಕಠಿಣ ಸಜೆ ಆಗಲು 2023ರ ಏಪ್ರಿಲ್ ಬರಬೇಕಾಯಿತು.

ಹೈಸ್ಕೂಲಿನಲ್ಲಿ ನನ್ನನ್ನೂ ಸಮಾಲೋಚಕರ ಬಳಿ ಕಳುಹಿಸಿದ್ದರು. 'ನೀನು ಆತ್ಮವಿಶ್ವಾಸ ಬೆಳೆಸಿಕೊಳ್ಳಬೇಕು' ಎಂದರು. ಒಳ್ಳೆಯವರೇ. ಆದರೆ ಗೇಲಿ ಮಾಡಿದವರನ್ನು ಯಾರೂ ಎಲ್ಲಿಗೂ ಕಳುಹಿಸಲಿಲ್ಲ. ಹೇಳಿಕೆ ಬರೆಯುವುದಾದರೆ ಜಾತಿಯ ಹೆಸರನ್ನು ಬೈಗುಳ ಮಾಡುವುದನ್ನೂ ಸೇರಿಸಿ. ಇಲ್ಲದಿದ್ದರೆ ನನ್ನನ್ನು ಕರೆಯಬೇಡಿ.

ಟೀಚರ್ ಅಲ್ಲದ ಟೀಚರ್ | ಮಂಗಳವಾರ ರಾತ್ರಿ 9.30

ಸೇರಿಸುತ್ತೇನೆ, ಮೂರನೆಯ ಸಾಲಿನಲ್ಲಿ.

ಕರಡು ಮೊದಲು ಮಲಯಾಳದಲ್ಲಿ ಬಂತು, ಅದರಿಂದ ಯಾರೋ ಕನ್ನಡ ಮಾಡಿಕೊಟ್ಟಿದ್ದಾರೆ. ಶುರುವೇ ಹೀಗಿದೆ: 'ವಂಶೀಯ ವಿದ್ವೇಷದ ಭೀಷಣಿಗಳನ್ನು ನಾವು ಶಕ್ತವಾಗಿ ಅಪಲಪಿಸುತ್ತೇವೆ.' ಮಾಸ್ತರರೇ, ಕಾಪಾಡಿ.

ನಿವೃತ್ತ ಕನ್ನಡ ಮಾಸ್ತರ | ಬುಧವಾರ ಬೆಳಿಗ್ಗೆ 6.00

ಅಕ್ಷರ ಕನ್ನಡದ್ದು, ಉಳಿದದ್ದೆಲ್ಲ ಮಲಯಾಳ. ಜನಾಂಗದ್ವೇಷದ ಬೆದರಿಕೆಗಳನ್ನು ಬಲವಾಗಿ ಖಂಡಿಸುತ್ತೇವೆ ಎಂಬುದು ಅದರ ಅರ್ಥ. 'ವಂಶೀಯ ವಿದ್ವೇಷ' ಎಂದರೆ ನಮ್ಮ ಕಡೆ ಅಣ್ಣತಮ್ಮಂದಿರ ಆಸ್ತಿ ಜಗಳ ಎಂದುಕೊಂಡಾರು. ಕನ್ನಡ ಮಕ್ಕಳಿಗೆ ಕನ್ನಡ ಬಾರದ ಮಾಸ್ತರರನ್ನು ಕೊಡುವುದು ನೋಡಿದ್ದೆ, ಈಗ ಅವರ ಭಯಕ್ಕೂ ಕನ್ನಡ ಇಲ್ಲ. 'ಜನಾಂಗೀಯ ನಿಂದನೆ' ಎಂಬ ಪತ್ರಿಕೆಯ ಮಾತೂ ಬೇಡ, ಮೀನಿನ ಮಾರ್ಕೆಟಿನಲ್ಲಿ ಯಾರಿಗೂ ತಿಳಿಯದು. ಹೀಗೆ ಬರೆಯಿರಿ:

'ಊರು, ಬಣ್ಣ, ಜಾತಿ, ಭಾಷೆ, ಧರ್ಮ ನೋಡಿ ಒಬ್ಬರನ್ನು ಹೆದರಿಸುವುದು ಹೊಡೆಯುವುದಕ್ಕೆ ಸಮ. ಹೊಡೆತ ಬೀಳುವ ಮೊದಲೇ ಮಗುವಿನ ನಿದ್ದೆ, ಊಟ, ಪಾಠ ಹೋಗುತ್ತದೆ. ಅದನ್ನು ನಾವು ದಿನಾ ನೋಡುತ್ತಿದ್ದೇವೆ, ಆದ್ದರಿಂದ ಹೇಳುತ್ತಿದ್ದೇವೆ.'

ಕೆಳಗೆ ತುರ್ತು ಸಹಾಯದ 112, 1098, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ-ಮಾನಸ್ 14416 ಹಾಕಿ. ಆ ಕೊನೆಯದರಲ್ಲಿ ಕನ್ನಡದಲ್ಲೂ ಮಾತನಾಡಬಹುದು. ತುಳುವಿನಲ್ಲಿ ಒಂದು ಸಾಲು ನಾನೇ ಬರೆಯುತ್ತೇನೆ. ಬೆದರಿಕೆಗಿಂತ 'ಪೋಡಿಗೆ' ಎಂದರೆ ಅಜ್ಜಿಯಂದಿರಿಗೆ ಬೇಗ ಮುಟ್ಟುತ್ತದೆ.

ಕಲ್ಲುಕೋರೆ ಲೆಕ್ಕದವನು | ಬುಧವಾರ ರಾತ್ರಿ 9.15

ಹೇಳಿಕೆಯ ಹಿಂದಿ, ಬಂಗಾಳಿ ಪ್ರತಿಗಳನ್ನು ನಮ್ಮ ಮುರ್ಷಿದಾಬಾದಿನವನಿಗೆ ತೋರಿಸಿದೆ. ಎರಡು ಸಲ ಓದಿದ. ಕಾಗುಣಿತ ಮೂರು ಕಡೆ ತಿದ್ದಿದ. ಆಮೇಲೆ 'ಅತಿಥಿ ಕಾರ್ಮಿಕರು' ಎಂದಿದ್ದಲ್ಲಿ ಬೆರಳಿಟ್ಟು ಕೇಳಿದ: 'ಆರು ವರ್ಷದಿಂದ ಬಾಡಿಗೆ ಕೊಡುತ್ತಿದ್ದೇನೆ. ಅತಿಥಿ ಬಾಡಿಗೆ ಕೊಡುತ್ತಾನೆಯೇ?' ಸರ್ಕಾರಿ ಮಾತು ಅದು ಎಂದೆ. ಸರ್ಕಾರವೇ ಬಾಡಿಗೆ ಕೊಡಲಿ ಎಂದ.

ಟೀಚರ್ ಅಲ್ಲದ ಟೀಚರ್ | ಬುಧವಾರ ರಾತ್ರಿ 9.40

'ಅತಿಥಿ' ತೆಗೆದೆ. 'ಇಲ್ಲಿ ದುಡಿಯುವವರು' ಎಂದು ಹಾಕಿದ್ದೇನೆ. ಸಹಿ ಈಗ ಐದು. ಉಳಿದಿಬ್ಬರು ಸಹಿ ಹಾಕಿಲ್ಲ, ಆದರೆ ಅತ್ಯುತ್ತಮ ಸಾಲು ಅವರಲ್ಲಿ ಒಬ್ಬಳದೇ. ಶನಿವಾರ ಮೂರು ಗಂಟೆಗೆ ಗ್ರಂಥಾಲಯದ ಸಭಾಂಗಣದಲ್ಲಿ ಓದುತ್ತೇವೆ.

ನೀರ್ಚಾಲಿನ ಅಡಿಕೆಗಾರ | ಬುಧವಾರ ರಾತ್ರಿ 10.05

ನಾನು ಇನ್ನೂ ಒಪ್ಪಿಲ್ಲ. ಕಾಗದದಿಂದ ಕುಡುಕರು ಬದಲಾಗುವುದಿಲ್ಲ. ಅದಿರಲಿ, ಆ ಹುಡುಗನ ಹೊಟ್ಟೆನೋವು ಈಗ ಹೇಗಿದೆ?

ಟೀಚರ್ ಅಲ್ಲದ ಟೀಚರ್ | ಬುಧವಾರ ರಾತ್ರಿ 10.11

ಅದನ್ನು ಇಲ್ಲಿ ಹೇಳಲಾರೆ, ಅಣ್ಣಾ. ಶನಿವಾರ ಬನ್ನಿ. ಕುರ್ಚಿ ಕಡಿಮೆ ಬಿದ್ದೀತು, ಜೀಪಿನಲ್ಲಿ ನಾಲ್ಕು ಹಾಕಿಕೊಂಡು ಬಂದರೆ ಉಪಕಾರ.